ರೈತನ ಮಿತ್ರನನ್ನು ಬಡಿದವರು

ಬಿ.ಎಡ್. ಓದುವಾಗ ನಮಗೆ ಪರಿಸರವೆಂದರೆ ಹುಬ್ಬಳ್ಳಿಯಿಂದ ತಂದ ಬಣ್ಣದ ಚಾರ್ಟು. ಪಾಠ ಮುಗಿಯಿತೋ, ಸುರುಳಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ.

ಎಪ್ಪತ್ತರ ದಶಕದ ಆರಂಭ. ಹಾನಗಲ್ಲಿನ ಹೈಸ್ಕೂಲೊಂದರಲ್ಲಿ ನನ್ನ ಪರೀಕ್ಷಾ ಪಾಠವಿತ್ತು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು. ಪಕ್ಕದಲ್ಲಿ ನನ್ನ ಜೊತೆ ಓದುತ್ತಿದ್ದ ನಾಲ್ವರು ಜೀವಶಾಸ್ತ್ರದ ಪದವೀಧರರು. ಮನೆಯಲ್ಲಿ ಅಪ್ಪ ಖಡಾಖಂಡಿತ ಹೇಳಿದ್ದ: "ಒಂದ ವರ್ಷ ನೋಡ ಮತ್ತ. ಫೇಲಾದಿ ಅಂದ್ರ ಮದುವಿ."

ಭತ್ತ, ಇಲಿ, ಹಾವು, ಹದ್ದು ಎಂದು ಬೋರ್ಡಿನ ಮೇಲೆ ಬಾಣ ಎಳೆದೆ. "ಹಾವು ರೈತನ ಮಿತ್ರ" ಎಂದಾಗ ಪರೀಕ್ಷಕರು ಗಂಭೀರವಾಗಿ ತಲೆಯಾಡಿಸಿದರು. ಅಷ್ಟರಲ್ಲಿ ಹಿಂದಿನ ಗದ್ದೆಯಿಂದ ಕೇರೆಹಾವೊಂದು ಬಾಗಿಲಿನಿಂದಲೇ ಒಳಗೆ ಬಂತು. ಮಿತ್ರ ಬಂದರೆ ಇವರು ಮಾಡಿದ್ದೇನು? ಪರೀಕ್ಷಕರು ಪ್ಯಾಂಟು ಎತ್ತಿಕೊಂಡು ಬೆಂಚು ಹತ್ತಿದರು.

"ಬಡೀರಿ ಅದನ್ನ! ಏನ್ ನೋಡ್ಕೋತ ನಿಂತೀರಿ?"

"ಕೇರಿಹಾವು ಐತ್ರಿ ಸರ್, ವಿಷ ಇಲ್ಲ. ಬಿಟ್ರ ತಾನ ಹೋಗತೈತಿ," ಎಂದೆ.

ಕೇಳುವವರು ಯಾರು? ನಾಲ್ವರು ಶೂರರು ನಕಾಶೆ ತೂಗುಹಾಕುವ ಕೋಲಿನಿಂದ ಅದನ್ನು ಜಜ್ಜಿ ಕೊಂದರು. ಹಾವಿನ ಹೃದಯಕ್ಕೆ ಎಷ್ಟು ಕೋಣೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವ ಮಂದಿ. ಕೇರೆ ಯಾವುದು, ನಾಗರ ಯಾವುದು ಗೊತ್ತಿಲ್ಲ. ಪುಸ್ತಕದ ಬದನೆಕಾಯಿಗಳು, ಥೂ!

"ಹೂಂ, ಪಾಠ ಮುಂದುವರ್ಸ್ರಿ," ಪರೀಕ್ಷಕರು ಬೆಂಚಿನ ಮೇಲಿಂದಲೇ ಅಪ್ಪಣೆ ಕೊಡಿಸಿದರು.

ನನಗೆ ಸಿಟ್ಟು ನೆತ್ತಿಗೇರಿತು. ಬೋರ್ಡಿನ ಮೇಲಿನ ಹಾವನ್ನು ಒರೆಸಿಬಿಟ್ಟು ಮಕ್ಕಳನ್ನು ಕೇಳಿದೆ, "ಈಗ ಏನಾಗತೈತಿ ಹೇಳ್ರಿ?"

"ಇಲಿ ಹೆಚ್ಚಾಗತಾವ್ರಿ ಅಕ್ಕೋರ! ಭತ್ತ ಎಲ್ಲಾ ತಿಂತಾವ್ರಿ!" ಇಡೀ ತರಗತಿ ಕೂಗಿತು. ಅಂದು ಆ ಕೋಣೆಯಲ್ಲಿ ಪರಿಸರ ತಿಳಿದಿದ್ದವರು ಅವರೇ.

ಪರೀಕ್ಷಕರ ಮುಖ ಹುಳ್ಳಗಾಯಿತು. "ಪಾಠ ಯೋಜನೆಯೊಳಗ ಇದು ಇಲ್ಲಲ್ಲ," ಎಂದು ನನ್ನನ್ನು ಫೇಲು ಮಾಡಿದರು.

ಅಪ್ಪ ಮಾತಿಗೆ ತಪ್ಪುವವನಲ್ಲ. ಆ ಬೇಸಿಗೆಯಲ್ಲೇ ನಾನು ಹಿರೇಕೆರೂರಿನ ಮನೆಯೊಂದಕ್ಕೆ ಸೊಸೆಯಾದೆ. ಆ ನಾಲ್ವರು ಸರ್ಕಾರಿ ಮಾಸ್ತರರಾದರು. ಒಬ್ಬನಂತೂ ವರ್ಗವಾಗುತ್ತ ಆಗುತ್ತ ನಮ್ಮೂರಿನ ಹೈಸ್ಕೂಲಿಗೇ ಬಂದು ವಕ್ಕರಿಸಿದ.

ಎಂಬತ್ತರ ದಶಕದ ಕೊನೆಗೆ ನನ್ನ ಮಗಳು ಅವನ ತರಗತಿಯಲ್ಲಿದ್ದಳು. ಒಂದು ಸಂಜೆ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು: "ಹಾವು ರೈತನ ಮಿತ್ರ, ಹಾವು ರೈತನ ಮಿತ್ರ."

ನನ್ನ ಮೈಯೆಲ್ಲ ಉರಿಯಿತು. ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದೆ.

"ನಾಳೆ ನಿಮ್ಮ ಸರ್‌ನ ಕೇಳು," ಎಂದೆ. "ಆ ಮಿತ್ರನ್ನ ಯಾವ ಕೋಲಿಲೆ ಬಡದ್ರಿ ಅಂತ."