ರಿಕಾಮಿ ಕುಂತವಳ ಫರಸಿ

ನಮ್ಮ ಪಡಸಾಲೆಯ ನಡುವೆ, ಕಂಬಕ್ಕೆ ಒಂದು ಮೊಳ ಈಚೆಗೆ, ಒಂದು ಫರಸಿ ಕಲ್ಲಿದೆ. ನೆಲಕ್ಕೆ ಹಾಸಿದ ಉಳಿದ ಫರಸಿಗಳೆಲ್ಲ ವರ್ಷಾನುಗಟ್ಟಲೆ ಒರೆಸಿ, ಓಡಾಡಿ, ಉಂಡು, ಉರುಳಾಡಿ ನುಣುಪಾಗಿವೆ; ಇದೊಂದರ ಮೈಮೇಲೆ ಮಾತ್ರ ಐದು ಮನೆ ಉದ್ದ, ಐದು ಮನೆ ಅಗಲದ ಚೌಕಾಬಾರದ ಪಟವನ್ನು ಉಳಿಯಿಂದ ಕೆತ್ತಲಾಗಿದೆ. ಗೆರೆಗಳು ನೆಟ್ಟಗಿಲ್ಲ, ನಡುಮನೆ ಸುತ್ತಲಿನವಕ್ಕಿಂತ ದೊಡ್ಡದಾಗಿದೆ, ಒಂದು ಮೂಲೆಯಲ್ಲಿ ಚಕ್ಕೆ ಎದ್ದಿದೆ. ಹೋದ ವಾರ ಈ ನೆಲಕ್ಕೆ ಟೈಲ್ಸ್ ಹಾಕಲೆಂದು ಅಳತೆಗೆ ಬಂದ ಗೌಂಡಿ, ಟೇಪು ಹಿಡಿದು ಬಗ್ಗಿದವನು, ಆ ಕಲ್ಲು ಕಂಡು ನಕ್ಕುಬಿಟ್ಟ. "ಯಾರೋ ರಿಕಾಮಿ ಕುಂತವರು ಕೆತ್ಯಾರ ನೋಡ್ರಿ ಇದನ್ನ!" ಟೇಪಿನ ಇನ್ನೊಂದು ತುದಿ ಹಿಡಿದಿದ್ದವನು ನನ್ನ ಭಾವನ ಮಗ ಮಲ್ಲು, ಈಗ ಮೀಸೆ ಬಂದ ಹದಿನೆಂಟರ ಹುಡುಗ. ಅವನೂ ನಕ್ಕ. "ನಮ್ಮ ಚಿಗವ್ವ ಕೆತ್ತಿದ್ದೋ ಅದು. ಆಗ ಆಕಿ ರಿಕಾಮಿ ಇರ್ತಿದ್ಳು."

ಚಿಗವ್ವ ಅಂದರೆ ನಾನೇ. ಇಬ್ಬರಿಗೂ ಚಹಾ ತರುತ್ತಿದ್ದೆ.

ಗೌಂಡಿಯ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವನಿಗೇನು ಗೊತ್ತು. ಸಿಟ್ಟು ಆ ಮಾತಿನ ಮೇಲೆ. ರಿಕಾಮಿ! ಮರಾಠಿಯಿಂದ ಗಡಿ ದಾಟಿ ಬಂದು, ನಮ್ಮ ಅಥಣಿ ಸೀಮೆಯ ಕನ್ನಡದಲ್ಲಿ ಬಿಡಾರ ಹೂಡಿ, ಈಗ ಮನೆಯ ಯಜಮಾನನಂತೆ ಕಾಲು ಚಾಚಿ ಮಲಗಿರುವ ಮಾತು. ನೀರಿಲ್ಲದ ಕೊಡ ರಿಕಾಮಿ, ಬಸ್ಸಿನಲ್ಲಿ ಕೂಡುವವರಿಲ್ಲದ ಸೀಟು ರಿಕಾಮಿ, ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತವನು ರಿಕಾಮಿ. ಬರಿದಾದದ್ದಕ್ಕೂ ಬಿಡುವಾದದ್ದಕ್ಕೂ ಒಂದೇ ಹೆಸರು ಸಾಕು ಎಂದವರು ಯಾರೋ ಗಂಡಸರೇ ಇರಬೇಕು. ಇರಲಿ, ಅದನ್ನೂ ಸಹಿಸುತ್ತೇನೆ. ಆದರೆ ಆರು ಮಕ್ಕಳನ್ನು ಕಟ್ಟಿಕೊಂಡು ಬೇಸಿಗೆಯ ಮಧ್ಯಾಹ್ನ ಮನೆಯೊಳಗೆ ಕುಳಿತ ಹೆಂಗಸನ್ನು ಆ ಬರಿಗೊಡದ ಸಾಲಿಗೆ ಸೇರಿಸಿದವರು ಯಾರು? ಆ ಒಂದು ಮಾತು ನನ್ನ ಕೈಗೆ ಬರಬೇಕಿದ್ದ ಒಂದು ಕೆಲಸವನ್ನೂ ಕಸಿದುಕೊಂಡಿತು, ಅದೂ ನನ್ನ ಬಾಯಿಂದಲೇ ಹೊರಟು. ಕುಳಿತುಕೊಳ್ಳಿ, ಹೇಳುತ್ತೇನೆ.

ನಮ್ಮ ಕಡೆ ಶಾಲೆಯ ರಜೆಗೆ ಸೂಟಿ ಎನ್ನುತ್ತಾರೆ. ಏಪ್ರಿಲ್ ಬಂತೆಂದರೆ ಮಾಸ್ತರರಿಗೆ ಸೂಟಿ, ಮಕ್ಕಳಿಗೆ ಸೂಟಿ, ಶಾಲೆಯ ಗಂಟೆಗೂ ಸೂಟಿ. ಸುಡುವುದು ಮಾತ್ರ ನನಗೊಬ್ಬಳಿಗೆ. ನನ್ನವೆರಡು, ಭಾವನವೆರಡು, ತವರಿಗೆ ಬಂದ ನಾದಿನಿಯವೆರಡು, ಒಟ್ಟು ಆರು. ಎಲ್ಲಕ್ಕೂ ದೊಡ್ಡವಳು ಒಂಬತ್ತು ವರ್ಷದ ನನ್ನ ಮಗಳು ಕಸ್ತೂರಿ, ಎಲ್ಲಕ್ಕೂ ತುಂಟ ಐದು ವರ್ಷದ ಈ ಮಲ್ಲು. ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ಅದೇ ತಿಂಗಳು ಬರುವುದರಿಂದ ಮನೆಯ ಗಂಡಸರು, ಹೆಂಗಸರು, ನಾದಿನಿ ಕೂಡ, ಬುತ್ತಿ ಕಟ್ಟಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಉಳಿಯುತ್ತಿದ್ದವರು ನಾನು, ಮೊಣಕಾಲು ನೋವಿನ ನಮ್ಮತ್ತೆ, ಮತ್ತು ಈ ಆರು ಜನ.

ಹಿತ್ತಲ ಬಾಗಿಲು ದಾಟಿ ಇನ್ನೂರು ಹೆಜ್ಜೆ ನಡೆದರೆ ನಮ್ಮ ಹಳೆಯ ಬಾವಿ. ಅದಕ್ಕೆ ಕಟ್ಟೆ ಇರಲಿಲ್ಲ. ಹುಲ್ಲು ಮುಗಿದಲ್ಲಿ ನೆಲ ಮುಗಿಯುತ್ತಿತ್ತು, ಅಷ್ಟೆ. ಹಿಂದಿನ ಬೇಸಿಗೆಯಲ್ಲಿ ಮಗ್ಗುಲ ಓಣಿಯ ಒಂದು ಕೂಸು ಅಂಥದೇ ಬಾವಿಯಲ್ಲಿ ಹೋಗಿತ್ತು. ಇಡೀ ಓಣಿ ಅತ್ತಿತು. ಮರುವರ್ಷ ಸೂಟಿ ಬಿಟ್ಟ ದಿನವೇ ಅತ್ತೆ ನನ್ನನ್ನು ಕರೆದು, "ಹನ್ನೊಂದರಿಂದ ನಾಕರ ತನಕ ಒಂದ ಹುಡುಗ ಹೊಸ್ತಿಲ ದಾಟಬಾರದು ನೋಡವಾ. ನೀ ಹೆಂಗೂ ರಿಕಾಮಿ ಅದಿ" ಎಂದರು. ಬಾವಿಗೊಂದು ಕಟ್ಟೆ ಕಟ್ಟಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದಕ್ಕೆ ಕಲ್ಲು ಬೇಕು, ಸಿಮೆಂಟು ಬೇಕು, ಗೌಂಡಿಯ ಕೈಕಾಲು ಹಿಡಿಯಬೇಕು. ನನಗಾದರೆ ಏನೂ ಬೇಕಿರಲಿಲ್ಲ. ಆ ಬೇಸಿಗೆ ಆ ಬಾವಿಗೆ ನಾನೇ ಕಟ್ಟೆ.

ಆರು ಮಕ್ಕಳನ್ನು ಐದು ತಾಸು ಒಂದು ಪಡಸಾಲೆಯಲ್ಲಿ ಹಿಡಿದಿಡುವುದೆಂದರೇನು, ಬಲ್ಲಿರಾ? ತೋಟದಲ್ಲಿ ಕತ್ತರಿಸುವ ಬಳ್ಳಿ ಓಡಿಹೋಗುವುದಿಲ್ಲ. ಮಕ್ಕಳು ಓಡಿಹೋಗುತ್ತವೆ, ಓಡದಿದ್ದರೆ ಜಗಳಾಡುತ್ತವೆ, ಜಗಳಾಡದಿದ್ದರೆ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತವೆ. ಮನೆಯ ಹಿರಿಯರಿಗೆ ಗೊತ್ತಿದ್ದ ಉಪಾಯ ಒಂದೇ, "ಗಪ್ ಕುಂದರ್ರಿ!" ಹುಟ್ಟಿದಾರಭ್ಯ ಒಂದು ದಿನವೂ ಸುಮ್ಮನೆ ಕುಳಿತು ಗೊತ್ತಿಲ್ಲದ ಜೀವಕ್ಕೆ ಗಪ್ ಕುಂದ್ರು ಎನ್ನುವುದೂ ಒಂದೇ, ಉಸಿರಾಡಬೇಡ ಎನ್ನುವುದೂ ಒಂದೇ.

ಅದಕ್ಕೇ ನಾನು ಬೇರೆ ದಾರಿ ಹುಡುಕಿದೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಯಲ್ಲೊಂದು ಬೆಳಕಿಂಡಿ. ಅದರಿಂದ ಇಳಿಯುವ ಬಿಸಿಲು ನೆಲದ ಮೇಲೆ ರೊಟ್ಟಿಯಷ್ಟಗಲ ದುಂಡಗೆ ಬಿದ್ದು, ಹೊತ್ತು ಸರಿದಂತೆ ಪಡುವಣದಿಂದ ಮೂಡಣಕ್ಕೆ ಫರಸಿಯಿಂದ ಫರಸಿಗೆ ತೆವಳುತ್ತಿತ್ತು. ಅದಕ್ಕೆ ನಾವು ಬಿಸಿಲರೊಟ್ಟಿ ಎಂದು ಹೆಸರಿಟ್ಟೆವು. ಅದು ಮೂಡಣ ಗೋಡೆಯನ್ನು ಹತ್ತಿದರೆ ನಾಲ್ಕು ಗಂಟೆ, ಹೊರಗೆ ಬಿಡುವ ಹೊತ್ತು. ಅಲ್ಲಿಯವರೆಗೆ ರೊಟ್ಟಿಯ ಸುತ್ತ ಇದ್ದಿಲಿನಿಂದ ಗುರುತು ಹಾಕುವುದು, ಮುಂದಿನ ಗುರುತಿಗೆ ಬರುವುದರೊಳಗೆ ಯಾರು ಎಷ್ಟು ಮಗ್ಗಿ ಹೇಳುತ್ತಾರೆ, ಯಾರು ಎಷ್ಟು ಹೊತ್ತು ಒಂಟಿಗಾಲಲ್ಲಿ ನಿಲ್ಲುತ್ತಾರೆ ಎಂದು ಪಂಥ. ಹುಣಸೆ ಬೀಜವನ್ನು ಒಂದು ಮಗ್ಗುಲು ತೇಯ್ದು ಬೆಳ್ಳಗೆ ಮಾಡಿ ಕವಡೆಯ ಬದಲಿಗೆ ಎಸೆಯುವುದು, ಒಡೆದ ಬಳೆಯ ಚೂರು ಕಾಯಿ, ಇದ್ದಿಲಿನಲ್ಲಿ ಬರೆದ ಚೌಕಾಬಾರ. ಸೋತವರು ಒಂದು ಕಥೆ ಹೇಳಬೇಕು, ಅದರಲ್ಲಿ ಆರೂ ಮಕ್ಕಳ ಹೆಸರು ಬರಬೇಕು, ಯಾರೂ ಸಾಯಬಾರದು. ಗಂಟಲು ಒಣಗುತ್ತಿತ್ತು, ತಲೆ ಸಿಡಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಎಷ್ಟೋ ಸಲ ಆ ಮಕ್ಕಳಿಗಿಂತ ನಾನೇ ಬಿಸಿಲರೊಟ್ಟಿಯ ದಾರಿ ಕಾಯುತ್ತಿದ್ದೆ.

ಸಂಜೆ ತೋಟದಿಂದ ಬಂದ ನಾದಿನಿ ಕಾಲು ಚಾಚಿ ಕುಳಿತು, "ಬೆನ್ನ ಮುರದು ಹೋತವಾ. ವೈನಿ ನೀವು ಪುಣ್ಯಾ ಮಾಡೀರಿ, ನೆರಳಾಗ ರಿಕಾಮಿ ಇರ್ತೀರಿ" ಎನ್ನುತ್ತಿದ್ದಳು. ಅವಳ ಎರಡು ಮಕ್ಕಳು ಕೈಕಾಲು ನೆಟ್ಟಗಿಟ್ಟುಕೊಂಡು ಅವಳ ಮುಂದೆಯೇ ಓಡಾಡುತ್ತಿದ್ದವು.

ಹಿರಿಯರ ಎರಡನೆಯ ಉಪಾಯ ಹೆದರಿಕೆ. ಅತ್ತೆ ಒಂದು ದಿನ ನನಗೆ ಹೇಳದೆ ಕೇಳದೆ ಮಲ್ಲುಗೆ, "ಬಾವಿ ಕಡೆ ಹೋದಿ ಅಂದ್ರ ಗುಮ್ಮ ಹಿಡೀತಾನ ನೋಡು. ಅವಂಗ ಭಾಳ ಹಸಿವಿ" ಎಂದುಬಿಟ್ಟರು. ಹೆದರುವ ಜಾತಿಯೇ ಅದು? ಹಸಿದವನಿದ್ದಾನೆ ಎಂದಷ್ಟೇ ಅದಕ್ಕೆ ಕೇಳಿಸಿತು. ಮರುದಿನ ಮಧ್ಯಾಹ್ನ ರಾಯಬಾಗದಿಂದ ಯಾರೋ ನೆಂಟರು ಬಂದರು. ಮಕ್ಕಳ ನಡುವೆ ಕುಳಿತಿದ್ದ ನನಗೆ ಅತ್ತೆಯ ಕೂಗು: "ರಿಕಾಮಿ ಅದಿ ಅಲ್ಲ, ಒಂದೀಟ ಚಾ ಇಡು!" ಚಹಾ ಕುದಿಯುವಷ್ಟರಲ್ಲಿ ಕಸ್ತೂರಿ ಓಡಿಬಂದಳು. "ಅವ್ವಾ, ಮಲ್ಲ್ಯಾ ಇಲ್ಲ. ಬುಟ್ಟ್ಯಾಗಿನ ರೊಟ್ಟೀನೂ ಇಲ್ಲ."

ಬರಿಗಾಲಲ್ಲಿ ಓಡಿದೆ. ನೆಲ ಹೆಂಚಿನಂತೆ ಸುಡುತ್ತಿತ್ತು ಎಂದು ಅಂಗಾಲಿನ ಬೊಬ್ಬೆ ನೋಡಿದ ಮೇಲೆ ತಿಳಿಯಿತು. ಬಾವಿಯ ಅಂಚಿನಲ್ಲಿ ಮಲ್ಲು ಕಾಲು ಇಳಿಬಿಟ್ಟು ಕುಳಿತಿದ್ದ. ರೊಟ್ಟಿ ಮುರಿದು ಒಂದೊಂದೇ ಚೂರು ಒಳಗೆ ಹಾಕುತ್ತ, ಬಗ್ಗಿ ಬಗ್ಗಿ, "ಗುಮ್ಮಾ, ಉಣ್ಣ ಬಾರೋ" ಎಂದು ಕರೆಯುತ್ತಿದ್ದ. ನಾನು ಕೂಗಲಿಲ್ಲ. ಕೂಗಿದರೆ ತಿರುಗುತ್ತಾನೆ, ತಿರುಗಿದರೆ ಜಾರುತ್ತಾನೆ. ಉಸಿರು ಬಿಗಿಹಿಡಿದು ಹಿಂದಿನಿಂದ ಹೋಗಿ, ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ ಎಳೆದುಕೊಂಡೆ. ಹುಲ್ಲಿನ ಮೇಲೆ ಇಬ್ಬರೂ ಬಿದ್ದೆವು. ನಾನು ಗಳಗಳ ಅತ್ತೆ. ಅವನು ಗುಮ್ಮ ಉಣ್ಣಲಿಲ್ಲವೆಂದು ಅತ್ತ.

ಮನೆಗೆ ಬಂದರೆ ನನಗೆ ಸಿಕ್ಕ ಬಹುಮಾನ ಏನು ಗೊತ್ತೇ? ನೆಂಟರೆದುರಿಗೇ ಅತ್ತೆ ಎದೆ ಬಡಿದುಕೊಂಡರು. "ದಿನಾ ಪೂರ್ತಿ ರಿಕಾಮಿ ಕುಂದರತಿ, ಒಂದ ಹುಡುಗನ್ನ ನೋಡ್ಕೊಳ್ಳಾಕ ಆಗಲಿಲ್ಲೇನ ನಿನಗ?" ಹೌದಲ್ಲವೇ! ಮಕ್ಕಳನ್ನು ಕಾಯ್ದ ದಿನವೆಲ್ಲ ರಿಕಾಮಿ, ತಪ್ಪಿದ ಘಳಿಗೆಗೆ ಮಾತ್ರ ಅದು ಕೆಲಸ. ನಾನು ಆಗ ಬಾಯಿ ತೆರೆಯಲಿಲ್ಲ. ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮರುದಿನ ಅಟ್ಟದಲ್ಲಿ ಬಿದ್ದಿದ್ದ ಹಳೆಯ ಉಳಿ, ಸುತ್ತಿಗೆ ಇಳಿಸಿದೆ. ಇದ್ದಿಲಿನ ಪಟ ದಿನಾ ಅಳಿಸಿಹೋಗುತ್ತಿತ್ತು, ಹೊಸದಾಗಿ ಬರೆಯಲು ನಾನು ಬಗ್ಗಿದ ಆ ಚೂರು ಹೊತ್ತಿನಲ್ಲೇ ಒಂದಲ್ಲ ಒಂದು ಮಗು ಬಾಗಿಲ ಕಡೆ ಜಾರುತ್ತಿತ್ತು. ಇನ್ನು ಅಳಿಸುವ ಮಾತೇ ಬೇಡವೆಂದು ಫರಸಿಯಲ್ಲೇ ಕೆತ್ತತೊಡಗಿದೆ. ಮೂರು ಮಧ್ಯಾಹ್ನ ಹಿಡಿಯಿತು. ಮಲ್ಲು ಪುಡಿ ಊದುವ ಕೆಲಸಕ್ಕೆ, ಕಸ್ತೂರಿ ಗೆರೆ ಹಿಡಿಯುವುದಕ್ಕೆ. ಮೂಲೆಯ ಚಕ್ಕೆ ಎದ್ದದ್ದು ನನ್ನ ಸಿಟ್ಟಿನಿಂದ. ಅತ್ತೆ ಒಳಗಿನಿಂದ, "ಮತ್ತ ಏನ ಕಟಾಕಟಾ ಹಚ್ಚೀಯವಾ?" ಎಂದರೆ, "ಏನಿಲ್ರಿ ಅತ್ತಿ" ಎಂದೆ. ಆ ಬೇಸಿಗೆ ಮತ್ತೆ ಒಂದು ಮಗುವೂ ಹೊಸ್ತಿಲು ದಾಟಲಿಲ್ಲ.

ಈ "ಏನಿಲ್ರಿ" ಎಂಬ ಚಟ ನನ್ನನ್ನು ಜೂನಿನಲ್ಲಿ ಕೆಡವಿತು. ನಮ್ಮೂರ ಹೆಂಗಸರ ಮಂಡಳವೊಂದು ಬಾಲವಾಡಿ ತೆರೆಯಲಿತ್ತು. ಮಕ್ಕಳನ್ನು ಆಡಿಸಲು ಏಳನೇ ಇಯತ್ತೆ ಪಾಸಾದ ಒಬ್ಬ ಬಾಯಿ, ಅಂದರೆ ಶಿಕ್ಷಕಿ, ಬೇಕಿತ್ತು. ಮಕ್ಕಳನ್ನು ಆಡಿಸಲು! ಆ ಎರಡು ಶಬ್ದ ಕೇಳಿ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಇದಕ್ಕೊಂದು ಹೆಸರಿದೆ, ಕುರ್ಚಿಯಿದೆ, ಹಾಜರಿ ಪುಸ್ತಕವಿದೆ ಎಂದು ಮೊದಲ ಸಲ ತಿಳಿಯಿತು. ಗಂಡನನ್ನು ಒಪ್ಪಿಸಿ, ಇಳಕಲ್ ಸೀರೆ ಉಟ್ಟು ಹೋದೆ. ಕೇಳಲು ಕುಳಿತವರು ಮೈಸೂರು ಕಡೆಯಿಂದ ಬಂದಿದ್ದ ಒಬ್ಬ ಅಧಿಕಾರಿಯ ಹೆಂಡತಿ, ಬಹಳ ಮೆತ್ತಗಿನ ಹೆಂಗಸು.

"ಸದ್ಯ ಮನೆಯಲ್ಲಿ ಏನು ಮಾಡ್ಕೊಂಡಿದ್ದೀರಿ?" ಎಂದರು.

ನನ್ನ ನಾಲಿಗೆಗೆ ಬೆಂಕಿ ಬೀಳಲಿ. "ಏನಿಲ್ರಿ, ರಿಕಾಮಿ ಇರ್ತೀನ್ರಿ" ಎಂದೆ.

"ರಿಕಾಮಿ ಅಂದ್ರೆ?" ಎಂದು ಆಕೆ ಪಕ್ಕದವಳನ್ನು ಕೇಳಿದರು. ಅದು ಅವರ ಕನ್ನಡದಲ್ಲಿರಲಿಲ್ಲ. ನಮ್ಮೂರವಳೇ ಆದ ಆ ಪಕ್ಕದವಳು, "ಖಾಲಿ ಅಂತ್ರಿ ಅಕ್ಕಾರ, ಏನೂ ಕೆಲಸಿಲ್ಲದಾಕಿ" ಎಂದು ನಕ್ಕಳು. ಮೆತ್ತಗಿನ ಹೆಂಗಸು ಮೆತ್ತಗೆ ತಲೆಯಾಡಿಸಿ, ಅನುಭವ ಎಂಬ ಕಡೆ ಇಲ್ಲ ಎಂದು ಬರೆದುಕೊಂಡರು. ನೋಡುತ್ತ ಕುಳಿತೆ. ಅಂಗಾಲಿನ ಬೊಬ್ಬೆಯ ಕಲೆ ಇನ್ನೂ ಮಾಸಿರಲಿಲ್ಲ. ಎದ್ದು ನಿಂತು, ಅಲ್ರಿ, ಹಂಗಲ್ರಿ ಅದು, ಎನ್ನಬೇಕಿತ್ತು. ಎನ್ನಲಿಲ್ಲ. ಕೆಲಸ ಸಿಕ್ಕಿದ್ದು ಹೊಲಿಗೆ ಕಲಿತ ಸರ್ಟಿಫಿಕೇಟು ತಂದಿದ್ದ ಸುಮಿತ್ರಾ ಎಂಬವಳಿಗೆ.

ಇಷ್ಟಕ್ಕೇ ಮುಗಿದಿದ್ದರೆ ಹಣೆಬರಹವೆಂದು ಬಿಡುತ್ತಿದ್ದೆ. ಮುಂದಿನ ಏಪ್ರಿಲ್ ಬಂತು. ಬಾಲವಾಡಿಗೂ ಸೂಟಿ! ಮಕ್ಕಳನ್ನು ನಿಜವಾಗಿ ಹಿಡಿದಿಡಬೇಕಾದ ಎರಡೇ ತಿಂಗಳು, ಆ ಎರಡು ತಿಂಗಳೂ ಹಿಡಿದಿಡುವವರಿಗೆ ರಜೆ. ಒಂದು ಬೆಳಿಗ್ಗೆ ಅದೇ ಸುಮಿತ್ರಾ ತನ್ನ ಎರಡು ಕೂಸುಗಳ ಕೈ ಹಿಡಿದು ನಮ್ಮ ಬಾಗಿಲಲ್ಲಿ ನಿಂತಳು. "ನಾ ತೋಟದ ಕೆಲಸಕ್ಕ ಹೊಂಟೀನ್ರಿ ವೈನಿ. ನೀವು ಹೆಂಗೂ ರಿಕಾಮಿ ಅದೀರಿ. ಇವನ್ನ ಒಂದೀಟ ನೋಡ್ಕೋತೀರೇನ್ರಿ?"

ನಗಬೇಕೋ ಅಳಬೇಕೋ ತಿಳಿಯದೆ ಒಂದು ಘಳಿಗೆ ಹೊಸ್ತಿಲಿಗೆ ಅಡ್ಡ ನಿಂತೆ. ಕೂಸುಗಳು ನನ್ನ ಸೀರೆಯ ಸಂದಿಯಿಂದ ಒಳಗಿನ ಬಿಸಿಲರೊಟ್ಟಿ ನೋಡುತ್ತಿದ್ದವು. ಅವುಗಳ ತಪ್ಪೇನು? ಬಾವಿ ಅವಕ್ಕೂ ಅಷ್ಟೇ ದೂರ. ಸರಿದು ದಾರಿ ಬಿಟ್ಟೆ. ಆರು ಎಂಟಾದವು. ಆಗಲೂ ಬಾಯಿ ತೆರೆಯಲಿಲ್ಲ.

ಹೋದ ವಾರ ತೆರೆದೆ. ಚಹಾದ ತಾಟನ್ನು ಆ ಫರಸಿಯ ಮೇಲೆಯೇ ಕುಕ್ಕಿದೆ. "ಮಲ್ಲ್ಯಾ, ರಿಕಾಮಿ ಇದ್ನೇನೋ ನಾ? ಗುಮ್ಮಗ ರೊಟ್ಟಿ ಹಾಕಾಕ ಹೋಗಿದ್ದಿ, ನೆನಪೈತೇನು?" ಅವನಿಗೆ ನೆನಪಿರಲಿಲ್ಲ. ಐದು ವರ್ಷದ್ದು ಯಾರಿಗೆ ನೆನಪಿರುತ್ತದೆ? ಮನೆಯಲ್ಲಿ ಯಾರೂ ಹೇಳಿಯೂ ಇರಲಿಲ್ಲ, ಹೇಳಲು ಅದೊಂದು ಕೆಲಸವಾಗಿರಲಿಲ್ಲವಲ್ಲ. ನಾನೇ ಹೇಳಿದೆ. ಕಾಲು ಇಳಿಬಿಟ್ಟದ್ದು, ಕೊರಳಪಟ್ಟಿ, ಬೊಬ್ಬೆ, ನೆಂಟರೆದುರಿನ ಮಾತು, ಮೂರು ಮಧ್ಯಾಹ್ನದ ಉಳಿ, ಬಾಲವಾಡಿಯ ಕಾಗದದ ಮೇಲಿನ ಆ ಇಲ್ಲ. ಗೌಂಡಿಯ ಎದುರಿಗೇ, ಒಂದನ್ನೂ ಬಿಡದೆ. ಬಾವಿಗೆ ಇವತ್ತಿಗೂ ಕಟ್ಟೆಯಿಲ್ಲ, ಮನೆಯೊಳಗೆ ಟೈಲ್ಸ್ ಬರುತ್ತದೆ ಎಂದೂ ಹೇಳಿದೆ. ಚಹಾ ಆರಿಹೋಯಿತು.

ಮಲ್ಲು ತಾಟು ಸರಿಸಿ, ಕುಕ್ಕರಗಾಲಲ್ಲಿ ಕುಳಿತು, ಚಕ್ಕೆ ಎದ್ದ ಮೂಲೆಯ ಮೇಲೆ ಬೆರಳಾಡಿಸಿದ. ಸೊಟ್ಟ ಗೆರೆಗಳಲ್ಲಿ ಕುಳಿತಿದ್ದ ಧೂಳನ್ನು ಒಮ್ಮೆ ಊದಿದ. ಆಮೇಲೆ ಗೌಂಡಿಗೆ, "ಇದೊಂದ ಫರಸಿ ಬಿಟ್ಟ ಅಳತಿ ಹಿಡಿ" ಎಂದ.

"ನಡುವ ಒಂದ ಬಿಟ್ರ ಹೆಂಗ ಕೂಡತಾವ್ರಿ ಟೈಲ್ಸ್? ಏನೈತಿ ಅದರಾಗ ಅಂಥಾದ್ದು?" ಎಂದ ಗೌಂಡಿ.

"ಬಾವಿ ಕಟ್ಟಿ ಐತಿ ಅದು," ಅಂದ ಮಲ್ಲು. "ಕಟ್ಟಿ ತೆಗೀಬಾರದು."