ಬೀದಿ ಆರಿಸಿಕೊಟ್ಟ ಜೈಬೂನಕ್ಕ

ನಮ್ಮ ಕಾವೇರಿಗೆ ಮನೆ ಸಿಕ್ಕಿತು! ಚನ್ನಗಿರಿಯಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಬೆಳಿಗ್ಗೆ ಬೀಗದ ಕೈ ನನ್ನ ಅಂಗೈಗೆ ಬಿದ್ದಾಗ ಬೀದಿಯಲ್ಲೇ ಕುಣಿಯಬೇಕು ಅನ್ನಿಸಿತು, ಮೊಣಕಾಲು ಬಿಡಲಿಲ್ಲ. ಕಾವೇರಿ ನನ್ನ ಮೊಮ್ಮಗಳು. ಜಗಳೂರಿನಲ್ಲಿ ಗಂಡನ ಹೊಡೆತ ತಾಳಲಾರದೆ ಕೂಸನ್ನು ಎತ್ತಿಕೊಂಡು ಹೊನ್ನಾಳಿಗೆ ನಮ್ಮ ಹತ್ತಿರ ಬಂದಿದ್ದಳು. ಅವನು ಅಲ್ಲಿಗೂ ಬಂದು ರಂಪ ಮಾಡುತ್ತಿದ್ದ.

ಖುಷಿಯಲ್ಲಿ ಮೊದಲು ನೆನಪಾದವಳು ಜೈಬೂನಕ್ಕ.

ಅವಳ ಕೂದಲು ಯಾವಾಗ ನರೆಯಿತೋ ನಮಗೆ ತಿಳಿಯಲೇ ಇಲ್ಲ. ಗಾದಿ ಹೊಲಿಯುವವಳು, ತಲೆ, ಹುಬ್ಬು, ಸೆರಗು ಎಲ್ಲ ಕಡೆ ಸದಾ ಅರಳೆ. ಹೊನ್ನಾಳಿಯೋ ನ್ಯಾಮತಿಯೋ, ಯಾರ ಮನೆಯಲ್ಲಿ ಮದುವೆಯೋ ಅವರ ಅಂಗಳದಲ್ಲಿ ದಿನವಿಡೀ ದಬ್ಬಳ ಹಿಡಿದು ಕೂರುವಳು. ಕಣ್ಣು ಹೊಲಿಗೆಯ ಮೇಲೆ, ಕಿವಿ ಬೀದಿಯ ಮೇಲೆ.

ನನ್ನ ಗಂಡ ತೀರಿಕೊಂಡ ಮೇಲೆ ಮೈದುನರು ನನ್ನನ್ನೂ ಮಗಳನ್ನೂ ಹೊರಗೆ ಹಾಕಿದರು. ಸವಳಂಗದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ.

"ಯಾರ ಮನೆಗೆ ಹೊಂಟೀಯೆ ತಂಗಿ?" ಅಂದಳು ಪಕ್ಕದಲ್ಲಿ ಕೂತಿದ್ದ ಜೈಬೂನಕ್ಕ. ಅವಳನ್ನು ನೋಡಿದ್ದು ಅವತ್ತೇ ಮೊದಲು. ಅತ್ತುಬಿಟ್ಟೆ.

"ಅಳೋದು ಆಮ್ಯಾಕೆ. ಬಸ್ ಬಂತು, ಹತ್ತು."

ಹೊನ್ನಾಳಿಯಲ್ಲಿ ನಾವು ಮೊದಲು ನೋಡಿದ ಮನೆ ಚೆಂದವಿತ್ತು, ಬೀದಿ ತಣ್ಣಗಿತ್ತು. ನನಗೆ ಹಿಡಿಸಿತು. ಅವಳು ಬೇಡವೆಂದು ತಲೆಯಾಡಿಸಿ ಮುಂದೆ ಕರೆದುಕೊಂಡು ಹೋದಳು. ಅಲ್ಲಿ ನಲ್ಲಿಯ ಮುಂದೆ ಹೆಂಗಸರು ಕೊಡ ಹಿಡಿದು ಕೂಗಾಡುತ್ತಿದ್ದರು.

"ಇಲ್ಲಿ ಜಗಳ ಆಡ್ತಾರಲ್ಲಕ್ಕ!"

"ಅದಕ್ಕೇ ಕಣೆ. ಬಾಯಿರೋ ಹೆಂಗಸ್ರು. ನೀನು ಒಂದು ಸಲ ಕೂಗಿದ್ರೆ ಬೀದಿಗೆ ಬೀದೀನೇ ಬರ್ತೈತೆ. ಆ ತಣ್ಣನೆ ಬೀದ್ಯಾಗೆ ಸತ್ರೂ ಕಿಟಕಿ ತೆರೆಯಲ್ಲ."

ಗಂಟು ಇಳಿಸುವ ಮೊದಲೇ ಪಕ್ಕದ ಮನೆಗೆ ಹೋಗಿ ಹೆಪ್ಪು ಕೇಳು ಅಂದಳು.

"ಹಾಲೇ ಇಲ್ಲ, ಹೆಪ್ಪು ತಗೊಂಡು ಏನ್ ಮಾಡ್ಲಿ?"

"ಹಾಲು ನಾನು ತರ್ತೀನಿ. ದೀಪ ಹಚ್ಚಿದ್ ಮ್ಯಾಲೆ ಹೆಪ್ಪು ಕೊಡಲ್ಲ, ಬಿರ್‍ರನೆ ಹೋಗು. ಕೊಟ್ಟೋಳು ಬೆಳಿಗ್ಗೆ ಮೊಸರು ಹೆಂಗಾತು ಅಂತ ಕೇಳಾಕೆ ಬಂದೇ ಬರ್ತಾಳೆ."

ಬಂದಳು. ಮೊಸರು ಹುಳಿಯಾಗಿದೆ ಎಂದು ಬೈದಳು. ಇವತ್ತಿಗೂ ಅವಳೇ ನನ್ನ ಗೆಳತಿ. ಹೀಗೆ ಎಷ್ಟು ಹೆಂಗಸರಿಗೆ ಜೈಬೂನಕ್ಕ ಸೂರು ಹುಡುಕಿದಳೋ, ಅವಳೇ ಲೆಕ್ಕವಿಟ್ಟವಳಲ್ಲ.

ಕೊನೆಯ ಸಲ ನೋಡಿದಾಗ ಅವಳ ಕಣ್ಣು ಮಂಜಾಗಿತ್ತು. ದಬ್ಬಳಕ್ಕೆ ನಾನೇ ದಾರ ಪೋಣಿಸಿಕೊಟ್ಟೆ. "ನಿಮ್ಮ ಬೀದ್ಯಾಗೆ ಇನ್ನೂ ಜಗಳ ಐತೇನೆ?" ಎಂದು ನಕ್ಕಳು. ಮುಂದಿನ ಸಲ ಹೋದಾಗ ಅವಳ ಮನೆಯಲ್ಲಿ ಬೇರೆ ಯಾರೋ ಇದ್ದರು. ಅವಳು ಎಲ್ಲಿ ಹೋದಳೋ ಅವರಿಗೂ ಗೊತ್ತಿರಲಿಲ್ಲ.

ಚನ್ನಗಿರಿಯಲ್ಲಿ ಕಾವೇರಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು, ಮನೆ ಮಾತ್ರ ಇಲ್ಲ. ಎಲ್ಲ ಕಡೆ ಒಂದೇ ಪ್ರಶ್ನೆ, ಗಂಡ ಎಲ್ಲಿ? ಇವತ್ತು ಒಂದು ಬೀದಿಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕಾಗಿ ಇಬ್ಬರು ಕಿತ್ತಾಡುತ್ತಿದ್ದರು. ಸುಮ್ಮನೆ ಕಟ್ಟೆಯ ಮೇಲೆ ಕೂತೆ. ಅವರಲ್ಲೊಬ್ಬಳು, "ಕೂಸು ಬಿಸಿಲಾಗೈತಲ್ಲ, ಕೊಡಿಲ್ಲಿ," ಎಂದು ಕಾವೇರಿಯ ಮಗುವನ್ನು ಸೊಂಟಕ್ಕೇರಿಸಿಕೊಂಡು ಜಗಳ ಮುಂದುವರಿಸಿದಳು! ಖಾಲಿ ಮನೆ ಅವಳದೇ ಆಗಿತ್ತು. ಮುಚ್ಚಿಡದೆ ಎಲ್ಲ ಹೇಳಿದೆ, ಇವಳ ಗಂಡ ಹುಡುಕಿಕೊಂಡು ಬಂದರೂ ಬಂದಾನು ಅಂದೆ.

"ಬರ್ಲಿ ಬಿಡ್ರಿ," ಅಂದಳು. "ನಾವೂ ಅದೀವಿ."

ಸಂಜೆ ಮಗಳು, ಅಳಿಯ ಹೊನ್ನಾಳಿಯಿಂದ ಬುತ್ತಿ ಕಟ್ಟಿಕೊಂಡು ಬಂದರು. ಎಲ್ಲರೂ ಚಾಪೆಯ ಮೇಲೆ ಸುತ್ತ ಕೂತು ರೊಟ್ಟಿ, ಅವರೆಕಾಳು ಪಲ್ಯ ಉಂಡೆವು. ಕಾವೇರಿ ಇನ್ನೊಂದು ರೊಟ್ಟಿ ಕೇಳಿದಳು. ಬಾಗಿಲು ತೆರೆದೇ ಇತ್ತು. ಅಗುಳಿ ಹಾಕಿ ಎಂದು ಅವಳು ಅನ್ನಲಿಲ್ಲ. ನಾನು ಮಾತ್ರ ಹೊಸ್ತಿಲ ಕಡೆ ನೋಡುತ್ತಲೇ ಇದ್ದೆ.

"ಯಾರು ಬರ್ಬೇಕಿತ್ತವ್ವ?" ಎಂದಳು ಮಗಳು.

ಬಾಯಲ್ಲಿ ತುತ್ತಿತ್ತು. ಜೈಬೂನಕ್ಕನ ಪಾಲಿಗೆ ಅಂತ ಒಂದು ರೊಟ್ಟಿ ಎತ್ತಿಟ್ಟೆ.