ಗಂಜಿಯ ಚಮಚ

ಪರದೇಶದ ಹೋಟೆಲಿನಲ್ಲಿ ದಿಂಬಿನ ಚೀಲಗಳಿಗೆ ಗಂಜಿ ಹಾಕುವ ನಮ್ಮ ಗಂಜಿಯಣ್ಣ, ಹದಿನೈದು ದಿನದ ರಜೆಗೆ ಊರಿಗೆ ಬರುವಾಗ ಅಳತೆಯ ಚಮಚವನ್ನೂ ಪೆಟ್ಟಿಗೆಯಲ್ಲಿಟ್ಟು ತಂದಿದ್ದ.

"ನಾನಿಲ್ಲದೆ ಅಲ್ಲಿ ಒಂದು ದಿಂಬೂ ನೆಟ್ಟಗಿರಲ್ಲ ಕಣೇ. ಈಗ ಬಾಯಿಬಾಯಿ ಬಡ್ಕೊಳ್ತಿರ್ತಾರೆ," ಎಂದು ತಂಗಿಯ ಮುಂದೆ ಕೊಚ್ಚಿಕೊಂಡ.

ರಜೆ ಮುಗಿಸಿ ಹೋದವನು ಎದೆಯುಬ್ಬಿಸಿಕೊಂಡೇ ಬಟ್ಟೆ ಒಗೆಯುವ ಕೋಣೆಗೆ ಕಾಲಿಟ್ಟ. ಮೇಸ್ತ್ರಿ ತಲೆಯನ್ನೇ ಎತ್ತಲಿಲ್ಲ.

"ಚಮಚ ನನ್ನ ಹತ್ರಾನೇ ಇತ್ತಲ್ಲ ಸಾರ್, ಗಂಜಿಗೇನು ಮಾಡಿದ್ರಿ?"

"ಹಾಕೋದೇ ಬಿಟ್ವಿ ಮಾರಾಯ. ಕೆನ್ನೆ ತರಚುತ್ತೆ ಅಂತ ಬರ್ತಿದ್ದ ದೂರೂ ನಿಂತುಹೋಯ್ತು. ನೀನಿನ್ನು ಆ ಕಾಲುಚೀಲ ಜೋಡಿಸು."

ಸಂಜೆ ತಂಗಿ ಫೋನು ಮಾಡಿದಳು. "ಅಣ್ಣಾ, ನೀನಿಲ್ಲದೆ ಅಲ್ಲಿ ಏನಾಗಿತ್ತೋ?"

"ಕೇಳಬೇಡ ಕಣೇ, ಗಂಜಿ ಕೆಲಸಾನೇ ನಿಂತುಬಿಟ್ಟಿತ್ತು!" ಎಂದು ಅವನು ಅದೇ ಚಮಚದಿಂದ ಚಹಾದ ಸಕ್ಕರೆ ಕಲಕಿದ.